ನ್ಯೂಯಾರ್ಕ್ ಬಿಟ್ಟು ಕ್ಲೀವ್‌ಲ್ಯಾಂಡ್‌ಗೆ: ಅಕ್ಕನ ಮನೆ ಲೆಕ್ಕದಲ್ಲಿ ನಾನು ಮಾಡಿದ ತಪ್ಪು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)



ಹೋದ ತಿಂಗಳು ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಇರೋದು ನ್ಯೂಯಾರ್ಕ್ ಪಕ್ಕದಲ್ಲಿ, ನ್ಯೂಜೆರ್ಸಿಯಲ್ಲಿ. "ಬ್ರೋ, ಒಹಾಯೊದಲ್ಲಿ ಒಂದು ಕೆಲಸ ಸಿಕ್ಕಿದೆ. ಅಲ್ಲಿ ಎರಡು ಲಕ್ಷ ಡಾಲರ್‌ಗೆ ಮೂರು ಬೆಡ್‌ರೂಮ್ ಮನೆ ಬರುತ್ತಂತೆ. ಇಲ್ಲಿ ಆ ದುಡ್ಡಿಗೆ ಬಚ್ಚಲುಮನೆನೂ ಬರಲ್ಲ. ಹೋಗ್ಲಾ, ಬೇಡ್ವಾ?" ಅಂತ.

ಈ ಪ್ರಶ್ನೆಗೆ ಮೊದಲಾಗಿದ್ರೆ ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟುಬಿಡ್ತಿದ್ದೆ. ಒಂದು ಸಲ ಕೊಟ್ಟೂ ಇದ್ದೆ, ನನ್ನ ಸ್ವಂತ ಅಕ್ಕನಿಗೆ. ನಾನು ಬಿ.ಕಾಂ ಓದಿದವನು. ಮನೆಯಲ್ಲಿ ಯಾರಿಗೇ ಲೆಕ್ಕ ಬೇಕಾದ್ರೂ "ಅವನನ್ನ ಕೇಳು" ಅಂತಾರೆ. 2024ರಲ್ಲಿ ಅಕ್ಕ, ಭಾವ ನ್ಯೂಯಾರ್ಕ್ ಬಿಟ್ಟು ಕ್ಲೀವ್‌ಲ್ಯಾಂಡ್‌ಗೆ ಹೋಗೋಣ್ವಾ ಅಂತ ಯೋಚನೆ ಮಾಡ್ತಿದ್ದಾಗ, ಬೆಂಗಳೂರಿನ ನನ್ನ ರೂಮಲ್ಲಿ ಕೂತು ಎಕ್ಸೆಲ್ ಶೀಟ್ ಮಾಡಿಕೊಟ್ಟವನು ನಾನೇ. ಕೊನೇ ಸಾಲಿಗೆ ಹಸಿರು ಬಣ್ಣ ಹಾಕಿ "ಹೋಗಿ" ಅಂದೆ.

ಆ ಶೀಟ್‌ನಲ್ಲಿ ಕೂಡೋದು, ಕಳೆಯೋದು ಎಲ್ಲಾ ಸರಿ ಇತ್ತು. ತಪ್ಪಿದ್ದು ಬೇರೆ ಕಡೆ. ಇವತ್ತಿನ ಸಂಚಿಕೆ ಆ ತಪ್ಪಿನ ಬಗ್ಗೆ.

ಮೊದಲು ನನ್ನ ಹಸಿರು ಶೀಟ್

ಅಕ್ಕ, ಭಾವ ಇದ್ದಿದ್ದು ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ, ಜಾಕ್ಸನ್ ಹೈಟ್ಸ್ ಅನ್ನೋ ಕಡೆ. ಮನೆಯಿಂದ ಇಳಿದ್ರೆ ಕರಿಬೇವು, ಸೋನಾ ಮಸೂರಿ, ಮೈಸೂರು ಸ್ಯಾಂಡಲ್ ಸೋಪು ಎಲ್ಲಾ ಸಿಗೋ ಅಂಗಡಿ ಬೀದಿ. ತಲೆ ಮೇಲೆ ಸೆವೆನ್ ಟ್ರೇನು. ಆದ್ರೆ ಮನೆ ಮಾತ್ರ ಒಂದೇ ಬೆಡ್‌ರೂಮು, ತಿಂಗಳ ಬಾಡಿಗೆ 2,400 ಡಾಲರ್. ಅಪ್ಪ, ಅಮ್ಮ ಬಂದ್ರೆ ಭಾವ ಹಾಲ್‌ನ ಸೋಫಾದ ಮೇಲೆ.

ಕ್ಲೀವ್‌ಲ್ಯಾಂಡ್ ಅಲ್ಲಿಂದ ಸುಮಾರು 740 ಕಿಲೋಮೀಟರ್ ಪಶ್ಚಿಮಕ್ಕೆ, ಒಹಾಯೊ ರಾಜ್ಯದಲ್ಲಿ, ಈರಿ ಅನ್ನೋ ಸಮುದ್ರದಂಥ ಸರೋವರದ ದಡದಲ್ಲಿದೆ. ಅಮೆರಿಕದವರು ಈ ಭಾಗವನ್ನ ಮಿಡ್‌ವೆಸ್ಟ್ ಅಂತಾರೆ. ಒಹಾಯೊ, ಮಿಷಿಗನ್, ಇಲಿನಾಯ್, ಮಿಸೌರಿ ಎಲ್ಲಾ ಸೇರಿ ಹನ್ನೆರಡು ರಾಜ್ಯ. ಭಾವನಿಗೆ ಅಲ್ಲಿ ಸಂಬಳ ಹೆಚ್ಚುಕಮ್ಮಿ ಅಷ್ಟೇ ಇರೋ ಕೆಲಸ ಸಿಕ್ಕಿತ್ತು. ನಗರಕ್ಕೆ ಅಂಟಿಕೊಂಡ ಕ್ಲೀವ್‌ಲ್ಯಾಂಡ್ ಹೈಟ್ಸ್‌ನಲ್ಲಿ 1924ರಲ್ಲಿ ಕಟ್ಟಿದ ಮನೆಯೊಂದನ್ನ ನೋಡಿದ್ರು. ಎರಡು ಮಹಡಿ, ಮೂರು ಬೆಡ್‌ರೂಮ್, ನೆಲಮಾಳಿಗೆ, ಮುಂದೆ ಜಗಲಿ, ಹಿಂದೆ ಓಕ್ ಮರ. ಬೆಲೆ 2,10,000 ಡಾಲರ್.

ಶೇ 10 ಕೈಯಿಂದ ಹಾಕಿದ್ರೆ 1,89,000 ಡಾಲರ್ ಸಾಲ. ಶೇ 6.5 ಬಡ್ಡಿ, 30 ವರ್ಷ. ಇಎಂಐ 1,195 ಡಾಲರ್. ಆಸ್ತಿ ತೆರಿಗೆ ವರ್ಷಕ್ಕೆ 6,300, ಅಂದ್ರೆ ತಿಂಗಳಿಗೆ 525. ಮನೆ ವಿಮೆ 120. ಕೈಯಿಂದ ಹಾಕೋ ದುಡ್ಡು ಶೇ 20ಕ್ಕಿಂತ ಕಡಿಮೆ ಇದ್ರೆ ಸಾಲಕ್ಕೂ ಒಂದು ವಿಮೆ ಮಾಡಿಸ್ಬೇಕು, ಅದು 80. ಎಲ್ಲಾ ಸೇರಿ 1,920.

2,400ರಲ್ಲಿ 1,920 ಕಳೀರಿ. ತಿಂಗಳಿಗೆ 480 ಡಾಲರ್ ಉಳಿತಾಯ, ಮೇಲೆ ಸ್ವಂತ ಮನೆ. ಯಾರಾದ್ರೂ ಬೇಡ ಅಂತಾರಾ?

2024ರ ಸೆಪ್ಟೆಂಬರ್‌ನಲ್ಲಿ ಹೋದ್ರು. ವಿಡಿಯೋ ಕಾಲ್‌ನಲ್ಲಿ ಹಾಲುಕ್ಕಿಸೋದನ್ನ ನೋಡಿದ್ವಿ. ಅಮ್ಮ ದಾವಣಗೆರೆಯಲ್ಲಿ ಕೂತು ಕಣ್ಣೊರೆಸಿಕೊಂಡ್ರು.

ಮುಂದಿನ ಫೆಬ್ರವರಿಯಲ್ಲಿ ಒಂದಿನ ಅಕ್ಕ ಫೋನ್ ಮಾಡಿದ್ಲು. ಅವಳಿಗೆ ಮಧ್ಯಾಹ್ನ, ನನಗೆ ನಡುರಾತ್ರಿ. ಅಡುಗೆ ಏನು ಅಂದೆ, ಹವಾ ಹೇಗಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ಲು: "ಲೋ, ಭಾನುವಾರದಿಂದ ನಾನು ಮನೆ ಹೊಸ್ತಿಲು ದಾಟಿಲ್ಲ ಕಣೋ. ಇವತ್ತು ಗುರುವಾರ. ನಿಮ್ಮ ಭಾವನ್ನ ಬಿಟ್ರೆ ಒಬ್ಬರ ಜೊತೆನೂ ಮಾತಾಡಿಲ್ಲ. ನಿನ್ನ ಶೀಟ್‌ನಲ್ಲಿ ಇದನ್ನ ಯಾವ ಕಾಲಮ್‌ಗೆ ಹಾಕಿದ್ದೆ?"

ನನ್ನ ಹತ್ರ ಉತ್ತರ ಇರಲಿಲ್ಲ.

ಮನೆ ಯಾಕೆ ಅಷ್ಟು ಅಗ್ಗ?

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹೋಗೋ ಮೊದಲೇ ಓದಬೇಕಿದ್ದ ಊರಿನ ಚರಿತ್ರೆಯನ್ನ ಆಮೇಲೆ ಓದೋಕೆ ಶುರು ಮಾಡಿದೆ.

ಕ್ಲೀವ್‌ಲ್ಯಾಂಡ್ ಒಂದು ಕಾಲದಲ್ಲಿ ಶ್ರೀಮಂತ ಊರು. 1870ರಲ್ಲಿ ರಾಕ್‌ಫೆಲರ್ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಶುರು ಮಾಡಿದ್ದು ಇಲ್ಲೇ. ಮಿನ್ನೆಸೋಟಾದ ಕಬ್ಬಿಣದ ಅದಿರು ಸರೋವರದ ಹಡಗಲ್ಲಿ ಬರ್ತಿತ್ತು, ಕಲ್ಲಿದ್ದಲು ರೈಲಲ್ಲಿ ಬರ್ತಿತ್ತು. ಎರಡೂ ಸೇರೋ ಜಾಗದಲ್ಲಿ ಉಕ್ಕಿನ ಕಾರ್ಖಾನೆಗಳು ಎದ್ದವು. 1920ರ ಹೊತ್ತಿಗೆ ಅಮೆರಿಕದ ಐದನೇ ದೊಡ್ಡ ನಗರ ಇದು. 1950ರ ಜನಗಣತಿಯಲ್ಲಿ 9,14,808 ಜನ ಇದ್ರು.

2020ರಲ್ಲಿ? 3,72,624.

ನಮಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂದ್ರೆ, 2011ರ ಜನಗಣತಿಯ ಹುಬ್ಬಳ್ಳಿ-ಧಾರವಾಡದಷ್ಟು ದೊಡ್ಡ ಊರು ಎಪ್ಪತ್ತು ವರ್ಷದಲ್ಲಿ ಶಿವಮೊಗ್ಗಕ್ಕಿಂತ ಸ್ವಲ್ಪ ದೊಡ್ಡದು ಅನ್ನೋ ಮಟ್ಟಕ್ಕೆ ಇಳಿದಿದೆ. ಕ್ಲೀವ್‌ಲ್ಯಾಂಡ್ ಒಂದೇ ಅಲ್ಲ. ಇದೇ ಎಪ್ಪತ್ತು ವರ್ಷದಲ್ಲಿ ಸೇಂಟ್ ಲೂಯಿಸ್ ಸುಮಾರು 8.57 ಲಕ್ಷದಿಂದ 3.02 ಲಕ್ಷಕ್ಕೆ, ಸಿನ್ಸಿನಾಟಿ ಸುಮಾರು 5.04 ಲಕ್ಷದಿಂದ 3.09 ಲಕ್ಷಕ್ಕೆ ಬಂದಿವೆ. ಮಿಡ್‌ವೆಸ್ಟ್‌ನ ಹಳೇ ಊರುಗಳಲ್ಲಿ ಬಹಳಷ್ಟರ ಕಥೆ ಇದೇ ದಾರಿಯಲ್ಲಿ ಸಾಗುತ್ತೆ.

ಎರಡನೇ ಮಹಾಯುದ್ಧದ ನಂತರ ದೊಡ್ಡ ಹೆದ್ದಾರಿಗಳು ಬಂದವು, ಕಾರು ಬಂತು, ದುಡ್ಡಿದ್ದ ಬಿಳಿಯರು ನಗರದ ಗಡಿ ಆಚೆ ಮನೆ ಕಟ್ಟಿಕೊಂಡು ಹೋದ್ರು. ಕರಿಯರು ಹಾಗೆ ಹೋಗೋಕೆ ಆಗ್ಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಮಾಡಿ, ಕರಿಯರಿದ್ದ ಬೀದಿಗಳಿಗೆ ಕೆಂಪು ಬಣ್ಣ ಬಳಿದು "ಇಲ್ಲಿ ಸಾಲ ಕೊಡೋದು ಅಪಾಯ" ಅಂತ ಗುರುತು ಹಾಕಿತ್ತು. ಆ ಕೆಂಪು ಗೆರೆಯ ಪರಿಣಾಮ ಇವತ್ತಿಗೂ ಮನೆಗಳ ಬೆಲೆಯಲ್ಲಿ ಕಾಣುತ್ತೆ. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1969ರ ಜೂನ್‌ನಲ್ಲಿ ಊರ ಮಧ್ಯದ ಕಯಾಹೋಗಾ ನದಿಗೆ ಬೆಂಕಿ ಬಿತ್ತು. ಹೌದು, ನದಿಗೆ. ನೀರಿನ ಮೇಲೆ ಅಷ್ಟು ಎಣ್ಣೆ, ಕಸ ತೇಲ್ತಿತ್ತು. 1972ರಲ್ಲಿ ಅಮೆರಿಕ ಶುದ್ಧ ನೀರಿನ ಕಾನೂನು ತಂದಿದ್ದರ ಹಿಂದೆ ಆ ಬೆಂಕಿಯ ನೆನಪೂ ಇತ್ತು. 1978ರ ಡಿಸೆಂಬರ್‌ನಲ್ಲಿ ನಗರ ತಾನು ತಗೊಂಡ ಸಾಲ ತೀರಿಸೋಕಾಗದೆ ಕೈ ಎತ್ತಿತು. 1930ರ ದಶಕದ ಮಹಾ ಕುಸಿತದ ನಂತರ ಹಾಗೆ ಕೈ ಎತ್ತಿದ ಮೊದಲ ದೊಡ್ಡ ಅಮೆರಿಕನ್ ನಗರ ಇದು. 2008ರ ಸಾಲದ ಬಿಕ್ಕಟ್ಟಿನಲ್ಲಿ ಸ್ಲಾವಿಕ್ ವಿಲೇಜ್ ಅನ್ನೋ ಬಡಾವಣೆಯಲ್ಲಿ ಬ್ಯಾಂಕ್‌ಗಳು ಮನೆ ಮೇಲೆ ಮನೆ ಜಪ್ತಿ ಮಾಡಿದವು.

ಬೆಲೆ ಯಾಕೆ ಕಡಿಮೆ ಅನ್ನೋದಕ್ಕೆ ಇದೇ ಉತ್ತರ. ಒಂಬತ್ತು ಲಕ್ಷ ಜನಕ್ಕೆ ಅಂತ ಕಟ್ಟಿದ ಊರಲ್ಲಿ ಈಗ ಮೂರು ಮುಕ್ಕಾಲು ಲಕ್ಷ ಜನ ಇದ್ದಾರೆ. ಮನೆ ಜಾಸ್ತಿ, ಕೊಳ್ಳೋರು ಕಡಿಮೆ.

ಆಸ್ತಿ ಜೊತೆ ಬಂದ ಬಿಲ್

ಇಂಥ ಊರಿಗೆ ಹೋದವರಿಗೆ ಹಿರಿಯರ ಆಸ್ತಿನೂ ಸಿಗುತ್ತೆ, ಹಿರಿಯರ ಬಿಲ್ಲೂ ಬರುತ್ತೆ.

ಆಸ್ತಿ ಅಂದ್ರೆ ನಿಜವಾಗಲೂ ಆಸ್ತಿ. 1916ರಲ್ಲಿ ಬಾಗಿಲು ತೆರೆದ ಕ್ಲೀವ್‌ಲ್ಯಾಂಡ್ ಕಲಾ ಮ್ಯೂಸಿಯಂಗೆ ಇವತ್ತಿಗೂ ಪ್ರವೇಶ ಉಚಿತ. ಅಲ್ಲಿ ಚೋಳರ ಕಾಲದ ಕಂಚಿನ ನಟರಾಜ ಇದ್ದಾನೆ. 1918ರಲ್ಲಿ ಶುರುವಾದ ಕ್ಲೀವ್‌ಲ್ಯಾಂಡ್ ಆರ್ಕೆಸ್ಟ್ರಾ ಜಗತ್ತಿನ ಅತ್ಯುತ್ತಮ ವಾದ್ಯವೃಂದಗಳ ಸಾಲಿನಲ್ಲಿದೆ. 1912ರಲ್ಲಿ ಕಟ್ಟಿದ ವೆಸ್ಟ್ ಸೈಡ್ ಮಾರ್ಕೆಟ್ ಇನ್ನೂ ನಡೀತಿದೆ. ಊರ ಸುತ್ತ ಹಾರದ ಹಾಗೆ ಕಾಡು, ಪಾರ್ಕು. 1921ರಲ್ಲಿ ಆರಂಭವಾದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಇವತ್ತು ಆ ಊರಿಗೇ ಅನ್ನ ಹಾಕೋ ದೊಡ್ಡ ಆಸ್ಪತ್ರೆ. ಮೂರು ಮುಕ್ಕಾಲು ಲಕ್ಷ ಜನರ ಊರು ಇವತ್ತು ಹೊಸದಾಗಿ ಇದನ್ನೆಲ್ಲಾ ಕಟ್ಟಿಕೊಳ್ಳೋಕೆ ಆಗಲ್ಲ. ಹಳೇ ದುಡ್ಡು ಕಟ್ಟಿಹೋಯ್ತು.

ಇನ್ನು ಬಿಲ್. ಒಂಬತ್ತು ಲಕ್ಷ ಜನರ ಪೈಪು, ಚರಂಡಿ, ರಸ್ತೆಯನ್ನ ಇರೋ ಜನನೇ ನೋಡಿಕೊಳ್ಳಬೇಕು. ಹಳೇ ಚರಂಡಿಗಳಲ್ಲಿ ಮಳೆನೀರು, ಕೊಳಚೆನೀರು ಒಂದೇ ಪೈಪಲ್ಲಿ ಹೋಗುತ್ತೆ. ಜೋರು ಮಳೆ ಬಂದ್ರೆ ಉಕ್ಕಿ ಸರೋವರಕ್ಕೆ. ಅದನ್ನ ಸರಿ ಮಾಡೋಕೆ ಅಂತ 2011ರಿಂದ 25 ವರ್ಷದ ಯೋಜನೆ ನಡೀತಿದೆ, ಖರ್ಚು ಸುಮಾರು 300 ಕೋಟಿ ಡಾಲರ್. ಬಹುಪಾಲು ದುಡ್ಡು ಮನೆಮನೆಯ ಚರಂಡಿ ಬಿಲ್‌ನಿಂದಲೇ ಬರಬೇಕು. ಆಸ್ತಿ ತೆರಿಗೆ ಯಾಕೆ ಜಾಸ್ತಿ ಅನ್ನೋದೂ ಇದೇ ಲೆಕ್ಕ. ಮನೆ ಬೆಲೆ ಕಡಿಮೆ ಇರೋ ಕಡೆ ಶಾಲೆ, ರಸ್ತೆ, ಪೊಲೀಸ್ ಖರ್ಚಿಗೆ ತೆರಿಗೆಯ ದರ ಏರಿಸಲೇಬೇಕಾಗುತ್ತೆ. ಅಕ್ಕನ ಮನೆಗೆ ಬೆಲೆಯ ಶೇ 3ರಷ್ಟು ಪ್ರತಿ ವರ್ಷ.

"ನ್ಯೂಯಾರ್ಕ್ ಸಿಟಿ ತೆರಿಗೆ ತಪ್ಪುತ್ತೆ" ಅಂತಲೂ ನಾನು ಬರೆದಿದ್ದೆ. ನ್ಯೂಯಾರ್ಕ್ ನಗರ ತನ್ನ ನಿವಾಸಿಗಳ ಆದಾಯದ ಮೇಲೆ ಶೇ 3ರಿಂದ 4ರ ನಡುವೆ ತೆರಿಗೆ ಹಾಕುತ್ತೆ ನಿಜ. ಆದ್ರೆ ಒಹಾಯೊದ ನಗರಗಳೂ ಹಾಕ್ತವೆ. ಕ್ಲೀವ್‌ಲ್ಯಾಂಡ್‌ನಲ್ಲಿ ಶೇ 2.5, ಅದೂ ಅಲ್ಲಿ ಕೆಲಸ ಮಾಡೋರು ಬೇರೆ ಊರಲ್ಲಿ ಮಲಗಿದ್ರೂ ಕಟ್ಟಬೇಕು. ನಾನು ಅದನ್ನ ಸೊನ್ನೆ ಅಂದುಕೊಂಡಿದ್ದೆ.

ಬಾಡಿಗೆಯೊಳಗೆ ಅಡಗಿದ್ದು

ನನ್ನ ದೊಡ್ಡ ತಪ್ಪು ತೆರಿಗೆಯಲ್ಲಿ ಇರಲಿಲ್ಲ. 2,400 ಡಾಲರ್ ಅಂದ್ರೆ ನಾಲ್ಕು ಗೋಡೆಯ ಬಾಡಿಗೆ ಅಂದುಕೊಂಡಿದ್ದೆ ನೋಡಿ, ಅದು ತಪ್ಪು. ಆ ಬಾಡಿಗೆಯಲ್ಲಿ ಅರ್ಧ ಊರೇ ಸೇರಿತ್ತು. ಒಂದೊಂದಾಗಿ ಹೇಳ್ತೀನಿ.

ಒಂದು, ಬೆಚ್ಚಗಿರೋದು. ನ್ಯೂಯಾರ್ಕ್‌ನಲ್ಲಿ ಕಾನೂನೇ ಇದೆ: ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊತ್ತು ಹೊರಗೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಚಳಿ ಆದ್ರೆ ಮನೆಯೊಳಗೆ ಕಡಿಮೆ ಅಂದ್ರೂ 20 ಡಿಗ್ರಿ ಇರೋ ಹಾಗೆ ಕಟ್ಟಡದ ಮಾಲೀಕ ನೋಡಿಕೊಳ್ಳಬೇಕು. ಅಕ್ಕನ ಕಟ್ಟಡದಲ್ಲಿ ಆ ಖರ್ಚು ಬಾಡಿಗೆಯಲ್ಲೇ ಸೇರಿತ್ತು. ಕ್ಲೀವ್‌ಲ್ಯಾಂಡ್‌ನಲ್ಲಿ ನೂರು ವರ್ಷದ ಮನೆ, ಕಿಟಕಿ ಸಂದಿಯಲ್ಲಿ ಗಾಳಿ. ಜನವರಿಯ ಗ್ಯಾಸ್ ಬಿಲ್ ಒಂದೇ 240 ಡಾಲರ್ ಬಂತು.

ಎರಡು, ಓಡಾಟ. 2024ರಲ್ಲಿ ನ್ಯೂಯಾರ್ಕ್‌ನಲ್ಲಿ 132 ಡಾಲರ್ ಕೊಟ್ರೆ ತಿಂಗಳಿಡೀ ಎಷ್ಟು ಸಲ ಬೇಕಾದ್ರೂ ಸಬ್‌ವೇ, ಬಸ್ಸು ಹತ್ತಬಹುದಿತ್ತು. ಇಪ್ಪತ್ನಾಲ್ಕು ಗಂಟೆ. ಕ್ಲೀವ್‌ಲ್ಯಾಂಡ್‌ನಲ್ಲೂ ರೈಲಿದೆ. ಊರಿನ ಮಧ್ಯದಿಂದ ವಿಮಾನ ನಿಲ್ದಾಣಕ್ಕೆ 1968ರಲ್ಲೇ ರೈಲು ಬಿಟ್ಟ ಊರದು. ಆದ್ರೆ ಅಕ್ಕನ ಮನೆಯಿಂದ ಸ್ಟೇಷನ್‌ಗೆ ಅರ್ಧ ಗಂಟೆ ನಡಿಗೆ. ಮೊಣಕಾಲುದ್ದ ಸ್ನೋ ಬಿದ್ದಾಗ ನಡೆಯೋದು ಹೇಗೆ? ಕಾರು ಬೇಕೇ ಬೇಕು. ಕಂತು, ವಿಮೆ, ಪೆಟ್ರೋಲು ಸೇರಿ ಒಂದು ಕಾರಿಗೆ ತಿಂಗಳಿಗೆ 560 ಡಾಲರ್. ಇದ್ದ ಒಂದು ಕಾರು ಬೆಳಗ್ಗೆ ಭಾವನ ಜೊತೆ ಹೋಗ್ತಿತ್ತು. ಅಕ್ಕನಿಗೆ ಡ್ರೈವಿಂಗ್ ಬರ್ತಿರಲಿಲ್ಲ. ಆರು ವರ್ಷ ನ್ಯೂಯಾರ್ಕ್‌ನಲ್ಲಿದ್ದವಳಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ.

ಮೂರು, ರಿಪೇರಿ. ಕ್ವೀನ್ಸ್‌ನಲ್ಲಿ ನಲ್ಲಿ ಸೋರಿದ್ರೆ ಕಟ್ಟಡ ನೋಡಿಕೊಳ್ಳೋನಿಗೆ ಫೋನು. ಇಲ್ಲಿ ಮಾರ್ಚ್‌ನಲ್ಲಿ ನೆಲಮಾಳಿಗೆಗೆ ಕೊಳಚೆನೀರು ಉಕ್ಕಿತು. ಮನೆಯಿಂದ ಬೀದಿಯ ಚರಂಡಿವರೆಗಿನ ಪೈಪು ಹಳೇ ಕಾಲದ ಮಣ್ಣಿನ ಪೈಪು. ಆ ಚೆಂದದ ಓಕ್ ಮರದ ಬೇರು ಅದರೊಳಗೆ ನುಗ್ಗಿತ್ತು. ಆ ಪೈಪು ಮನೆಯವರದ್ದು, ನಗರದ್ದಲ್ಲ. ಸಾಮಾನ್ಯ ಮನೆ ವಿಮೆಯಲ್ಲಿ ಅದು ಬರಲ್ಲ. ಖರ್ಚು 7,000 ಡಾಲರ್. ಇಲ್ಲಿ ನನ್ನ ಪಾಲಿನ ತಪ್ಪೊಪ್ಪಿಗೆ ಇನ್ನೊಂದಿದೆ. ಮನೆ ಕೊಳ್ಳೋ ಮೊದಲು ಆ ಪೈಪೊಳಗೆ ಕ್ಯಾಮೆರಾ ಬಿಟ್ಟು ನೋಡೋ ಪರೀಕ್ಷೆ ಇತ್ತು, 200 ಡಾಲರ್. "ಅದೆಲ್ಲಾ ದುಡ್ಡು ಕೀಳೋ ದಾರಿ, ಬೇಡ" ಅಂದಿದ್ದವನು ನಾನೇ.

ನಾಲ್ಕು, ಸ್ನೋ. ಈರಿ ಸರೋವರ ಅಲ್ಲಿನ ಐದು ಮಹಾ ಸರೋವರಗಳಲ್ಲಿ ಅತಿ ಕಡಿಮೆ ಆಳದ್ದು. ಅದು ಹೆಪ್ಪುಗಟ್ಟೋವರೆಗೂ ಅದರ ಮೇಲೆ ಬೀಸೋ ಒಣ ಚಳಿಗಾಳಿ ತೇವ ಹೀರಿಕೊಂಡು ಬಂದು, ದಡದ ಎತ್ತರದ ಜಾಗಕ್ಕೆ ತಾಗಿದ ಕೂಡ್ಲೇ ಸ್ನೋ ಸುರಿಯುತ್ತೆ. ಅಕ್ಕನ ಮನೆ ಇರೋದು ಪೂರ್ವದ ಆ ಎತ್ತರದಲ್ಲೇ, ಹೆಸರಲ್ಲೇ 'ಹೈಟ್ಸ್' ಇದೆ. ಮನೆ ಮುಂದಿನ ಕಾಲುದಾರಿಯ ಸ್ನೋ ತೆಗೆಯೋದು ಮನೆಯವರ ಕೆಲಸ. ಮೋಡ ಅಂತೂ ವಾರಗಟ್ಟಲೆ ಸರಿಯಲ್ಲ.

ಐದು, ಜನ. ಜಾಕ್ಸನ್ ಹೈಟ್ಸ್‌ನಲ್ಲಿ ಅಕ್ಕನಿಗೆ ಹತ್ತಿರದ ಗೆಳತಿಯರು ಅಂತ ಯಾರೂ ಇರಲಿಲ್ಲ. ಆದ್ರೂ ಅವಳು ಒಂಟಿ ಆಗಿರಲಿಲ್ಲ. ಸೊಪ್ಪಿನ ಅಂಗಡಿಯವನು "ದೀದಿ, ಮೆಂತ್ಯ ತಾಜಾ ಬಂದಿದೆ" ಅಂತಿದ್ದ. ಲೈಬ್ರರಿಯಲ್ಲಿ ನಾಲ್ಕು ಮುಖ, ಟ್ರೇನಲ್ಲಿ ನಲವತ್ತು ಮುಖ. ಅವಳದು ಎಚ್-4 ವೀಸಾ. ಭಾವನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟೋವರೆಗೂ ಕೆಲಸ ಮಾಡೋ ಹಾಗಿಲ್ಲ. ಅಂಥವಳಿಗೆ ಆ ಬೀದಿನೇ ಆಫೀಸು, ಆ ಬೀದಿನೇ ನೆಂಟರ ಮನೆ. ಅದೂ ಬಾಡಿಗೆಯಲ್ಲೇ ಸೇರಿತ್ತು. ನಾನು ಅದಕ್ಕೆ ಬೆಲೆ ಹಾಕಿರಲಿಲ್ಲ.

ತಿದ್ದಿದ ಶೀಟ್

ಈಗ ಸರಿಯಾದ ಲೆಕ್ಕ. ಹಳೇ ಊರಲ್ಲಿ ಬಾಡಿಗೆ 2,400, ಇಬ್ಬರ ಪಾಸು 264, ಕರೆಂಟು 90. ಒಟ್ಟು 2,754. ಹೊಸ ಊರಲ್ಲಿ ಮನೆಗೆ 1,920, ಒಂದು ಕಾರಿಗೆ 560, ಗ್ಯಾಸ್, ಕರೆಂಟು, ನೀರು, ಚರಂಡಿ ಸರಾಸರಿ 330. ರಿಪೇರಿಗೆ ಅಂತ ಪ್ರತಿ ವರ್ಷ ಮನೆ ಬೆಲೆಯ ಶೇ 2ರಷ್ಟು ತೆಗೆದಿಡ್ತೀನಿ, ನೂರು ವರ್ಷದ ಮನೆಗೆ ಅದು ಜಾಸ್ತಿ ಅಲ್ಲ. ಅಂದ್ರೆ ತಿಂಗಳಿಗೆ 350. ಒಟ್ಟು 3,160. ಎರಡನೇ ಕಾರು ತಗೊಂಡ್ರೆ 3,720.

480 ಡಾಲರ್ ಉಳಿಯುತ್ತೆ ಅಂದಿದ್ದೆ. ನಿಜದಲ್ಲಿ ಒಂದು ಕಾರಿದ್ರೆ 406 ಡಾಲರ್ ಹೆಚ್ಚು ಖರ್ಚು, ಎರಡಿದ್ರೆ 966.

ಹಾಗಂತ ಇದು ನಷ್ಟದ ವ್ಯಾಪಾರ ಅಂತ ಅಲ್ಲ. ಕೊಟ್ಟ ಇಎಂಐನಲ್ಲಿ ಸ್ವಲ್ಪ ಅಸಲಿಗೆ ಹೋಗುತ್ತೆ. ಅಲ್ಲಿನ ಮನೆ ಸಾಲದ ಬಡ್ಡಿ ಸಾಮಾನ್ಯವಾಗಿ ಮೂವತ್ತು ವರ್ಷಕ್ಕೂ ಒಂದೇ, ನಮ್ಮಲ್ಲಿ ಹಾಗೆ ರೆಪೋ ದರ ಏರಿದಾಗ ಏರಲ್ಲ. ಬಾಡಿಗೆ ವರ್ಷ ವರ್ಷ ಏರುತ್ತೆ, ಆ 1,195 ಏರಲ್ಲ. ಅಪ್ಪ, ಅಮ್ಮನಿಗೆ ಒಂದು ರೂಮಿದೆ. ಮುಂದೆ ಮಗು ಆದ್ರೆ ಅದಕ್ಕೊಂದು ರೂಮಿದೆ. ಅದೇ ಜೀವನ ಕಡಿಮೆ ಬೆಲೆಗೆ ಸಿಗುತ್ತೆ ಅಂದುಕೊಂಡಿದ್ದು ನನ್ನ ತಪ್ಪು. ಬೇರೆ ಜೀವನ, ಹೆಚ್ಚುಕಮ್ಮಿ ಅದೇ ಬೆಲೆಗೆ. ಯಾವುದು ಬೇಕು ಅಂತ ಕೇಳ್ಬೇಕಿತ್ತು. ನಾನು ಯಾವುದು ಅಗ್ಗ ಅಂತ ಮಾತ್ರ ಕೇಳಿದೆ.

ಇನ್ನೊಂದು ವಿಷಯ. ಆ ಫೆಬ್ರವರಿಯಲ್ಲಿ ಅಕ್ಕ "ವಾಪಸ್ ಹೋಗೋಣ" ಅಂದಿದ್ಲು. ಲೆಕ್ಕ ಹಾಕಿ ನೋಡಿದೆ. ಎರಡು ವರ್ಷಕ್ಕೆ ಮಾರಿದ್ರೂ ಅಷ್ಟರಲ್ಲಿ ತೀರೋ ಅಸಲು ಬರೀ 4,400 ಡಾಲರ್. ಕೊಂಡ ಬೆಲೆಗೇ ಮಾರಿದ್ರೂ ದಲ್ಲಾಳಿ ಕಮಿಷನ್, ಕಾಗದಪತ್ರದ ಖರ್ಚು ಶೇ 7 ಅಂತಿಟ್ಕೊಂಡ್ರೆ 14,700. ಅಂದ್ರೆ ವಾಪಸ್ ಬರೋಕೇ ಹತ್ತು ಸಾವಿರ ಡಾಲರ್ ದಂಡ. ಬಾಡಿಗೆ ಮನೆ ಆಗಿದ್ರೆ ಒಪ್ಪಂದ ಮುಗಿದ ದಿನ ಬೀಗದ ಕೈ ಕೊಟ್ಟು ಬರಬಹುದಿತ್ತು. ಅವಳನ್ನ ಆ ಮನೆಗೆ ಕಟ್ಟಿಹಾಕಿದ್ದರಲ್ಲಿ ನನ್ನ ಕೈಯೂ ಇತ್ತು.

ಏಪ್ರಿಲ್

2025ರ ಏಪ್ರಿಲ್‌ನಲ್ಲಿ ಅಮ್ಮನ್ನ ಕರ್ಕೊಂಡು ಹೋದೆ. ನಿಜ ಹೇಳ್ಬೇಕು ಅಂದ್ರೆ ಅಕ್ಕನ ಮುಖ ನೋಡೋಕೆ ಭಯ ಇತ್ತು. ಅವಳು ಬಾಗಿಲು ತೆಗೆದು, "ಬಾರೋ ಆಡಿಟರ್" ಅಂದ್ಲು. ಅಲ್ಲಿಗೆ ಮುಗೀತು, ಬೈಗುಳ ಅಷ್ಟೇ.

ಆ ವಾರ ಊರಲ್ಲಿ ತ್ಯಾಗರಾಜ ಆರಾಧನೆ ನಡೀತಿತ್ತು. ನಿಮಗೆ ಗೊತ್ತಿರಬಹುದು, ಭಾರತದ ಹೊರಗೆ ಕರ್ನಾಟಕ ಸಂಗೀತದ ಅತಿ ದೊಡ್ಡ ಉತ್ಸವಗಳಲ್ಲಿ ಒಂದು ನಡೆಯೋದು ನ್ಯೂಯಾರ್ಕ್‌ನಲ್ಲಲ್ಲ, ಕ್ಲೀವ್‌ಲ್ಯಾಂಡ್‌ನಲ್ಲಿ. ಪ್ರತಿ ವರ್ಷ ಈಸ್ಟರ್ ಹಬ್ಬದ ಆಸುಪಾಸು, ಹತ್ತು ದಿನಕ್ಕೂ ಹೆಚ್ಚು. ಶುರುವಾಗಿದ್ದು 1978ರಲ್ಲಿ. ನಗರ ಸಾಲ ತೀರಿಸೋಕಾಗದೆ ಕೈ ಎತ್ತಿದ ವರ್ಷನೇ.

ಅಮ್ಮ ಸ್ವೆಟರ್ ಮೇಲೆ ಸೀರೆ ಸೆರಗು ಹೊದ್ದು ಹೊರಟ್ರು. ಊಟದ ಸಾಲಲ್ಲಿ ಹಿಂದೆ ನಿಂತಿದ್ದ ಒಬ್ಬ ಆಂಟಿ, ಅಮ್ಮನ ಮಾತು ಕೇಳಿ, "ನೀವು ದಾವಣಗೆರೆ ಕಡೆಯೋರಾ?" ಅಂದ್ರು. ಅವರದು ಬಳ್ಳಾರಿ. ಬಂದು ನಲವತ್ತು ವರ್ಷ ಆಗಿದೆಯಂತೆ, ಯಜಮಾನರು ಆಸ್ಪತ್ರೆಯಲ್ಲಿ ಡಾಕ್ಟರ್ ಆಗಿದ್ದು ನಿವೃತ್ತರಾಗಿದ್ದಾರೆ. ಅಕ್ಕನ್ನ ನೋಡಿ ಕೇಳಿದ್ರು: "ಏಳು ತಿಂಗಳಾಯ್ತಾ ಬಂದು? ನಮಗ್ಯಾಕೆ ಹೇಳಲಿಲ್ಲ?" ಅಕ್ಕ ನಕ್ಕಳು. ಯಾರಿಗೆ ಹೇಳ್ಬೇಕು ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು?

ಮುಂದಿನ ಶನಿವಾರ ಆ ಆಂಟಿ ತಮ್ಮ ಹಳೇ ಕಾರು ತಂದು, ಅಂಗಡಿ ಮುಚ್ಚಿದ ಒಂದು ಮಾಲ್‌ನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಅಕ್ಕನಿಗೆ ಡ್ರೈವಿಂಗ್ ಹೇಳಿಕೊಟ್ರು. ಅಂಥ ಖಾಲಿ ಜಾಗ ಆ ಊರಲ್ಲಿ ಬೇಕಾದಷ್ಟಿದೆ. ನಾನು ಹಿಂದಿನ ಸೀಟಲ್ಲಿ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ. ಪಾರ್ಮಾ ಅನ್ನೋ ಕಡೆ ಇರೋ ಶಿವ-ವಿಷ್ಣು ದೇವಸ್ಥಾನ, ಅಲ್ಲಿಂದ ಇನ್ನೊಂದು ಮನೆ, ಆ ಮನೆಯಿಂದ ಇನ್ನೆರಡು ಮನೆ. ನಾವು ಹೊರಡೋ ಹೊತ್ತಿಗೆ ಅಕ್ಕನ ಫೋನಲ್ಲಿ ಹನ್ನೊಂದು ಹೊಸ ನಂಬರ್.

ನನಗೆ ಅರ್ಥ ಆಗಿದ್ದು ಇಷ್ಟು. ಮಹಾನಗರದಲ್ಲಿ ಬೆಚ್ಚಗೆ, ಓಡಾಟ, ನಾಲ್ಕು ಮಾತು ಎಲ್ಲಾ ಗುರುತಿಲ್ಲದ ಜನರಿಂದಲೇ ನಡೆದುಹೋಗುತ್ತೆ, ಅದರ ದುಡ್ಡನ್ನ ಬಾಡಿಗೆಯಲ್ಲಿ ಕಟ್ಟಿರ್ತೀವಿ. ಮಧ್ಯಮ ಗಾತ್ರದ ಹಳೇ ಊರಲ್ಲಿ ಅದನ್ನೆಲ್ಲಾ ಒಂದೊಂದಾಗಿ ನಾವೇ ಕೂಡಿಸಿಕೊಳ್ಳಬೇಕು. ಆಗಲ್ಲ ಅಂತಲ್ಲ. ಆದ್ರೆ ಅದಕ್ಕೆ ಒಂದು ವರ್ಷ ಹಿಡಿಯುತ್ತೆ, ಆ ಒಂದು ವರ್ಷದ ಭಾರ ಮನೆಯಲ್ಲಿ ಇರೋರ ಮೇಲೆ ಬೀಳುತ್ತೆ. ಆಫೀಸಿಗೆ ಹೋಗೋ ಭಾವನಿಗೆ ಆ ಫೆಬ್ರವರಿ ಅಷ್ಟು ತಾಗಲಿಲ್ಲ.

ವಾಯ್ಸ್ ನೋಟ್ ಕಳಿಸಿದವರಿಗೆ

ಹೋಗಿ, ಬೇಡ ಅಂತ ಈ ಸಲ ನಾನು ಹೇಳಲ್ಲ. ಆದ್ರೆ ನಾಲ್ಕು ಕೆಲಸ ಮಾಡಿ.

ಊರು ನೋಡೋಕೆ ಜೂನ್‌ನಲ್ಲಿ ಹೋಗಬೇಡಿ. ಜೂನ್‌ನಲ್ಲಿ ಕ್ಲೀವ್‌ಲ್ಯಾಂಡ್ ಸ್ವರ್ಗ. ಫೆಬ್ರವರಿಯಲ್ಲಿ ಹೋಗಿ, ನಾಲ್ಕು ದಿನ ಇರಿ.

ಮೊದಲ ವರ್ಷ ಬಾಡಿಗೆ ಮನೆಯಲ್ಲೇ ಇರಿ, ಆದಷ್ಟೂ ರೈಲು, ಅಂಗಡಿ, ಲೈಬ್ರರಿಗೆ ನಡೆದು ಹೋಗೋ ಜಾಗದಲ್ಲಿ. ಮನೆ ಎಲ್ಲೂ ಓಡಿಹೋಗಲ್ಲ.

ಹಳೇ ಮನೆ ಕೊಳ್ಳೋದಾದ್ರೆ ಪೈಪಿಗೆ ಕ್ಯಾಮೆರಾ ಬಿಡಿಸಿ. ಮನೆಗಳಿಗೆ ಸೀಸದ ಬಣ್ಣ ಬಳಿಯೋದನ್ನ ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕಿಂತ ಹಳೇ ಮನೆ ಆದ್ರೆ ತನಗೆ ಗೊತ್ತಿರೋ ಸೀಸದ ವಿಷಯವನ್ನ ಮಾರೋನು ಹೇಳಲೇಬೇಕು, ಪರೀಕ್ಷೆ ಮಾಡಿಸೋಕೆ ಕೊಳ್ಳೋರಿಗೆ ಹತ್ತು ದಿನದ ಅವಕಾಶ ಇದೆ. ಚಿಕ್ಕ ಮಕ್ಕಳಿದ್ರೆ ಇದು ದುಡ್ಡಿನ ಪ್ರಶ್ನೆನೇ ಅಲ್ಲ. ಕ್ಲೀವ್‌ಲ್ಯಾಂಡ್‌ನಲ್ಲಿ 1954ಕ್ಕಿಂತ ಮೊದಲಿನ ಮನೆಗಳಿಗೆ ಬರೋ ನೀರಿನ ಪೈಪೂ ಸೀಸದ್ದೇ ಇರಬಹುದು, ಅದನ್ನೂ ಕೇಳಿ.

ನಾಲ್ಕನೇದು, ಶೀಟ್ ಮಾಡುವಾಗ ಮನೆಯಲ್ಲಿ ಹೆಚ್ಚು ಹೊತ್ತು ಇರೋರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ. "ನಿನಗೆ ಒಂದು ಮಂಗಳವಾರ ಹೇಗೆ ಕಳೆಯುತ್ತೆ?" ಅಂತ ಕೇಳಿ. ನಾನು ಭಾವನ ಜೊತೆ ಆರು ಸಲ ಮಾತಾಡಿದ್ದೆ. ಅಕ್ಕನ್ನ ಒಂದು ಸಲನೂ ಕೇಳಿರಲಿಲ್ಲ.

ಈಗ ಹೇಗಿದ್ದಾಳೆ ಅಂತೀರಾ? ಲೈಸೆನ್ಸ್ ಸಿಕ್ಕಿದೆ. ಬಳ್ಳಾರಿ ಆಂಟಿಯ ಹಳೇ ಕಾರನ್ನೇ ಕಡಿಮೆ ಬೆಲೆಗೆ ಕೊಂಡಿದ್ದಾಳೆ. ಎರಡನೇ ಕಾರಿನ ಕಂತು ಉಳೀತು, ಶೀಟ್‌ನಲ್ಲಿ ತಿದ್ದಿದೀನಿ. ಮೊನ್ನೆ ಫೋನ್ ಮಾಡಿ, "ಇಲ್ಲೇ ಇರ್ತೀಯೇನೇ ಹಾಗಾದ್ರೆ?" ಅಂತ ಕೇಳಿದೆ.

"ಫೆಬ್ರವರಿಯಲ್ಲಿ ಕೇಳು," ಅಂದ್ಲು.

ಕೇಳ್ತೀನಿ. ನೀವೂ ಹೀಗೆ ದೊಡ್ಡ ಊರು ಬಿಟ್ಟು ಚಿಕ್ಕ ಊರಿಗೆ ಹೋದವರಾಗಿದ್ರೆ, ಯಾವ ಖರ್ಚು ನಿಮ್ಮ ಶೀಟ್‌ನಲ್ಲಿ ಬಿಟ್ಟುಹೋಗಿತ್ತು ಅಂತ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ.